ಕೆಡಿಸಿದ ಚಿತ್ರದಿಂದ ಶುರು: ವಿದ್ಯಾರ್ಥಿಗಳಿಗೆ ಬೆಡ್‌ಸೈಡ್ ಅಲ್ಟ್ರಾಸೌಂಡ್ ಕಲಿಸಿದ ನನ್ನ ಅನುಭವ

ರೋಗಿಯ ಹಾಸಿಗೆ ಪಕ್ಕದಲ್ಲೇ ಅಲ್ಟ್ರಾಸೌಂಡ್ ಮಾಡಲು ವೈದ್ಯಕೀಯ ವಿದ್ಯಾರ್ಥಿಗಳ ಕೈಗೆ ಪ್ರೋಬ್ (ಮೈಮೇಲೆ ಇಟ್ಟು ಆಡಿಸುವ ಹಿಡಿ) ಕೊಡೋಣ ಅಂದಾಗ ನನ್ನ ಜೊತೆ ನಿಂತವರು ಕಡಿಮೆ. ‘ಅದೆಲ್ಲ ಪಿಜಿಗೆ ಬಂದ ಮೇಲೆ ಕಲಿಯಲಿ ಬಿಡಿ’ ಅಂದರು ಕೆಲವರು. ‘ಅರೆಬರೆ ಕಲಿತು ತಪ್ಪು ಓದಿದರೆ ಯಾರು ಹೊಣೆ?’ ಅಂದರು ರೇಡಿಯಾಲಜಿಯವರು. ಈ ಎರಡನೆಯ ಮಾತಿನಲ್ಲಿ ಹುರುಳಿತ್ತು. ಈಗ ಮೂರ್ನಾಲ್ಕು ಬ್ಯಾಚ್ ದಾಟಿದೆ. ಅಂದು ಬೇಡ ಅಂದವರೇ ‘ನಿಮ್ಮ ಹುಡುಗರಲ್ಲಿ ಇಬ್ಬರನ್ನ ಕಳಿಸಿ’ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಫಾಸ್ಟ್ ಅಂದರೆ ಪೆಟ್ಟು ಬಿದ್ದವರ ಹೊಟ್ಟೆಯಲ್ಲಿ, ಹೃದಯದ ಸುತ್ತ ರಕ್ತದಂಥ ದ್ರವ ಸೇರಿದೆಯಾ ಅಂತ ನಾಲ್ಕು ಜಾಗದಲ್ಲಿ ಬೇಗ ನೋಡುವ ಸ್ಕ್ಯಾನ್. ಮುಂದೆ ನಾನು ದ್ರವ ಅನ್ನುವುದು ಇದನ್ನೇ.

ಹಳೆಯ ಕ್ರಮ ಹೀಗಿತ್ತು. ಎರಡು ಗಂಟೆ ಸ್ಲೈಡು, ಆಮೇಲೆ ಒಂದು ಯಂತ್ರದ ಸುತ್ತ ಎಂಟು ಹತ್ತು ಜನ. ಮುಂದೆ ನಿಂತ ಇಬ್ಬರಿಗೆ ಕಾಣುತ್ತಿತ್ತು, ಹಿಂದಿನವರು ಫೋನ್ ನೋಡುತ್ತಿದ್ದರು. ಇದಕ್ಕಿಂತ ದೊಡ್ಡ ತೊಂದರೆ ಕಲಿಸುವವರ ಕೈಯದು. ಚಿತ್ರ ಸರಿಯಾಗಿ ಬರದಿದ್ದರೆ ಪ್ರೋಬ್ ಕಿತ್ತುಕೊಂಡು, ತಾವೇ ಹಿಡಿದು, ‘ನೋಡಿ, ಇದೇ ಮಾರಿಸನ್ ಪೌಚ್’ (ಲಿವರ್–ಕಿಡ್ನಿ ನಡುವಿನ ಸಂದಿ) ಅನ್ನುವುದು. ಎಲ್ಲರೂ ತಲೆಯಾಡಿಸುವುದು. ವಾರ ಕಳೆದು ವಾರ್ಡ್‌ನಲ್ಲಿ ಪ್ರೋಬ್ ಕೊಟ್ಟರೆ ಲಿವರ್ ಕೂಡ ಸಿಗುತ್ತಿರಲಿಲ್ಲ.

ಸಿಮ್ಯುಲೇಟರ್ ತರಿಸಿದ್ದೂ ಆಯಿತು. ಅದಕ್ಕೆ ಹೋದ ದುಡ್ಡಿನಲ್ಲಿ ಕೈಯಲ್ಲಿ ಹಿಡಿಯುವ ಪ್ರೋಬ್‌ಗಳು ಏಳೆಂಟಾದರೂ ಬರುತ್ತಿದ್ದವು. ಸಿಮ್ಯುಲೇಟರ್‌ನಲ್ಲಿ ಕಾಯಿಲೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದರ ಪಕ್ಕೆಲುಬು ನೆರಳು ಬೀಳಿಸಿ ಕಾಡುವುದಿಲ್ಲ, ಹೊಟ್ಟೆಯ ಗಾಳಿ ಅಡ್ಡ ಬರುವುದಿಲ್ಲ, ಜೆಲ್ ಒಣಗುವುದಿಲ್ಲ. ವಾರ್ಡ್‌ನಲ್ಲಿ ವಿದ್ಯಾರ್ಥಿ ಸೋಲುವುದು ಇಂಥವುಗಳ ಮುಂದೆಯೇ.

ನಾನು ಬದಲಿಸಿದ್ದು ಎರಡೇ ವಿಷಯ. ಮೊದಲನೆಯದು, ಕಲಿಸುವವರ ಕೈ ಬೆನ್ನ ಹಿಂದೆ. ಏನೇ ಆದರೂ ಪ್ರೋಬ್ ಮುಟ್ಟುವಂತಿಲ್ಲ, ಬಾಯಿಂದ ಮಾತ್ರ ಹೇಳಬೇಕು. ‘ಸ್ವಲ್ಪ ಆ ಕಡೆ’ ಅಂದರೆ ಸಾಲದು. ಜಾರಿಸು, ವಾಲಿಸು, ತಿರುಗಿಸು, ಒತ್ತು, ಇಷ್ಟೇ ಮಾತು. ಶುರುವಿನಲ್ಲಿ ನನಗೇ ಕೈ ತಡೆಯುವುದು ಕಷ್ಟವಾಗಿತ್ತು.

ಎರಡನೆಯದೇ ಮುಖ್ಯ. ವಿದ್ಯಾರ್ಥಿ ಬರುವ ಮೊದಲು ಯಂತ್ರದ ಸೆಟ್ಟಿಂಗ್ ಕೆಡಿಸಿಡುತ್ತೇನೆ. ಡೆಪ್ತ್ (ಎಷ್ಟು ಆಳದವರೆಗೆ ಕಾಣಬೇಕು ಅನ್ನುವುದು) ಇಪ್ಪತ್ತು ಸೆಂಟಿಮೀಟರ್ ದಾಟಿಸುತ್ತೇನೆ. ಗೇನ್ (ಚಿತ್ರದ ಹೊಳಪು) ಇಳಿಸಿ ಎಲ್ಲ ಕಪ್ಪು ಮಾಡುತ್ತೇನೆ. ಹೊಟ್ಟೆ ನೋಡುವಾಗ ಹೃದಯಕ್ಕೆಂದು ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್ (ಪ್ರೀಸೆಟ್) ಹಾಕುತ್ತೇನೆ. ಆಗ ಪ್ರೋಬ್ ದಿಕ್ಕು ತೋರಿಸುವ ಸ್ಕ್ರೀನ್ ಮೇಲಿನ ಗುರುತು ಎಡದಿಂದ ಬಲಕ್ಕೆ ಹೋಗುತ್ತದೆ, ಎಡಬಲ ಅದಲು ಬದಲು. ವಿದ್ಯಾರ್ಥಿ ಮೊದಲು ಏನು ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳಬೇಕು, ಆಮೇಲೆ ಸರಿಮಾಡಬೇಕು, ಆಮೇಲೆ ಅಂಗ ಹುಡುಕಬೇಕು. ಮೊದಲ ದಿನ ಎಲ್ಲರೂ ಚಡಪಡಿಸುತ್ತಾರೆ. ‘ಸರ್, ಮಷೀನೇ ಸರಿ ಇಲ್ಲ’ ಅನ್ನುತ್ತಾರೆ. ಹೌದಪ್ಪ, ಸರಿಮಾಡು ಅನ್ನುತ್ತೇನೆ. ರಾತ್ರಿಪಾಳಿಯಲ್ಲಿ ಬೇರೆಯವರು ಬಳಸಿ ಬಿಟ್ಟುಹೋದ ಯಂತ್ರ ಹೀಗೇ ಇರುತ್ತದೆ ಅಲ್ವಾ? ಕೊನೆಯ ಪರೀಕ್ಷೆಗೆ ಅಂತ ಇನ್ನೊಂದು ಸೆಟ್ಟಿಂಗ್ ಕೆಡಿಸುತ್ತೇನೆ. ಅದು ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ಮುಂದಿನ ಬ್ಯಾಚ್ ಓದಿಬಿಡುತ್ತದೆ.

ಒಂದು ಯಂತ್ರಕ್ಕೆ ಮೂವರು, ಜಾಸ್ತಿ ಅಂದರೆ ನಾಲ್ವರು. ಬಲ ಮೇಲುಹೊಟ್ಟೆ ಹಿಡಿಯಲು ಹಳೆಯ ಕ್ರಮದಲ್ಲಿ ಐದಾರು ನಿಮಿಷ ಒದ್ದಾಡುತ್ತಿದ್ದರು. ಈಗ ಮೂರನೆಯ ವಾರದ ಹೊತ್ತಿಗೆ ಬಹಳಷ್ಟು ಮಂದಿ ನಿಮಿಷದೊಳಗೆ ಹಿಡಿಯುತ್ತಾರೆ. ಆದರೆ ಲಿವರ್–ಕಿಡ್ನಿ ನಡುವಿನ ಗೆರೆ ಕಂಡ ಕೂಡಲೇ ‘ನೆಗೆಟಿವ್’ (ದ್ರವ ಇಲ್ಲ) ಅಂತ ಪ್ರೋಬ್ ಎತ್ತಲು ನಾನು ಬಿಡುವುದಿಲ್ಲ. ಲಿವರ್‌ನ ಕೆಳತುದಿ ಕಾಣುವವರೆಗೂ ಜಾರಿಸಬೇಕು. ದ್ರವ ಕಡಿಮೆ ಇದ್ದಾಗ ಮೊದಲು ಕಾಣುವುದು ಬಹಳ ಸಲ ಅಲ್ಲೇ.

ಎಡಗಡೆ ಎಲ್ಲರಿಗೂ ಕಷ್ಟ. ಪ್ರೋಬ್ ಮುಂದೆ ಇಟ್ಟುಬಿಡುತ್ತಾರೆ, ಹೊಟ್ಟೆಯ ಗಾಳಿ ಬಿಟ್ಟು ಏನೂ ಕಾಣುವುದಿಲ್ಲ. ಬೆರಳ ಗೆಣ್ಣು ಹಾಸಿಗೆಗೆ ತಾಗುವಷ್ಟು ಹಿಂದಕ್ಕೆ ಹೋಗು ಅಂದರೆ ಸ್ಪ್ಲೀನ್ (ಗುಲ್ಮ) ತಾನಾಗಿ ಬರುತ್ತದೆ. ಇಲ್ಲಿ ಸ್ಪ್ಲೀನ್–ಕಿಡ್ನಿ ನಡುವೆ ನೋಡಿ ನಿಲ್ಲಿಸಬಾರದು. ಡಯಾಫ್ರಮ್ (ವಪೆ) ಮತ್ತು ಸ್ಪ್ಲೀನ್ ನಡುವಿನ ಸಂದಿಯನ್ನೂ ನೋಡಲೇಬೇಕು, ದ್ರವ ಅಲ್ಲಿ ಅಡಗಿರುತ್ತದೆ.

ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಸ್ಕ್ಯಾನ್ ಮಾಡಿದರೆ ಕೈ ಪಳಗುತ್ತದೆ, ಆದರೆ ದ್ರವ ನೋಡಲು ಸಿಗುವುದಿಲ್ಲ. ಹಾಗಾಗಿ ಪೆರಿಟೋನಿಯಲ್ ಡಯಾಲಿಸಿಸ್ (ಕಿಡ್ನಿ ಕೆಲಸ ಮಾಡದಾಗ ಹೊಟ್ಟೆಗೆ ದ್ರವ ತುಂಬಿಸಿ ರಕ್ತ ಶುದ್ಧಮಾಡುವ ಚಿಕಿತ್ಸೆ) ರೋಗಿಗಳನ್ನು ಕೇಳಿಕೊಂಡೆ. ಒಪ್ಪಿಗೆ ಪಡೆದು, ಅವರು ದ್ರವ ತುಂಬಿಸಿಕೊಳ್ಳುವ ಮೊದಲು ಒಮ್ಮೆ, ತುಂಬಿಸಿಕೊಂಡ ಮೇಲೆ ಒಮ್ಮೆ. ಅದೇ ಮನುಷ್ಯ, ಅದೇ ಜಾಗ, ನಡುವೆ ಕಪ್ಪು ಪಟ್ಟಿ ಮೂಡಿರುತ್ತದೆ. ಒಮ್ಮೆ ಕಂಡವರು ಮರೆಯುವುದಿಲ್ಲ. ಯಾರನ್ನೇ ಸ್ಕ್ಯಾನ್ ಮಾಡಲಿ, ಆಕಸ್ಮಿಕವಾಗಿ ಬೇರೇನಾದರೂ ಕಂಡರೆ ಯಾರಿಗೆ, ಯಾರು ಹೇಳಬೇಕು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಸಹಪಾಠಿಯ ಕಿಡ್ನಿಯಲ್ಲಿ ಕಲ್ಲು ಕಂಡಾಗ ಗುಂಪಿನ ಮುಂದೆ ಕೂಗುವಂತಾಗಬಾರದು.

ಜೆಲಾಟಿನ್ ಫ್ಯಾಂಟಮ್‌ಗೆ (ಅಭ್ಯಾಸಕ್ಕೆ ಮಾಡಿಕೊಳ್ಳುವ ನಕಲಿ ಅಂಗಾಂಶ) ಎಷ್ಟೋ ಸಂಜೆ ಹೋಯಿತು. ಬರೀ ಜೆಲಾಟಿನ್ ಪೂರಾ ಕಪ್ಪಾಗಿ ಕಾಣುತ್ತದೆ, ಇಸಬ್ಗೋಲ್ ಬೆರೆಸಿದರೆ ಅಂಗಾಂಶದ ಹಾಗೆ ಬೂದು ಬಣ್ಣ ಬರುತ್ತದೆ. ಜೋರಾಗಿ ಕಲಕಿದರೆ ಗುಳ್ಳೆ ಸಿಕ್ಕಿಕೊಂಡು ಎಲ್ಲ ಬೆಳ್ಳಗೆ. ನಿಧಾನ ಸುರಿದು, ನೊರೆ ತೆಗೆದು, ರಾತ್ರಿಯಿಡೀ ತಣ್ಣಗಿಡಬೇಕು. ವಾರದಲ್ಲಿ ಬೂಸ್ಟು ಹಿಡಿಯುತ್ತದೆ. ಸೂಜಿ ಹಾಕುವ ಅಭ್ಯಾಸಕ್ಕೆ ಪರವಾಗಿಲ್ಲ, ಉಳಿದದ್ದಕ್ಕೆ ಸುಮ್ನೆ ಶ್ರಮ. ಸ್ಪಂಜ್ ಮಾತ್ರ ಖುಷಿ ಕೊಟ್ಟಿತು. ಒದ್ದೆ ಸ್ಪಂಜ್ ಮೇಲೆ ಪ್ರೋಬ್ ಇಟ್ಟರೆ ಬಿ ಲೈನ್‌ಗಳು (ಶ್ವಾಸಕೋಶದಲ್ಲಿ ನೀರು ತುಂಬಿದಾಗ ಕಾಣುವಂಥ ಬಿಳಿ ಗೆರೆಗಳು) ಕೆಳಗಿನವರೆಗೂ ಇಳಿಯುತ್ತವೆ. ಖರ್ಚು ಇಲ್ಲವೆಂದೇ ಹೇಳಬಹುದು.

ದುಡ್ಡು ನಿಜವಾಗಿ ಸೋರಿದ್ದು ರಿಪೇರಿಗೆ. ಒಂದು ಪ್ರೋಬ್ ನೆಲಕ್ಕೆ ಬಿದ್ದು ಒಳಗಿನ ಕ್ರಿಸ್ಟಲ್ (ಧ್ವನಿ ಹೊರಡಿಸುವ ತುಣುಕು) ಹೋಯಿತು, ಚಿತ್ರದಲ್ಲಿ ಮೇಲಿಂದ ಕೆಳಗೆ ಕಪ್ಪು ಗೀರು. ಇನ್ನೊಂದರ ಕೇಬಲ್ ಮೇಲೆ ಗಾಡಿಯ ಚಕ್ರ ಹತ್ತಿತು. ಆ ವರ್ಷದ ಬಜೆಟ್ಟಿನ ಮೂರನೇ ಒಂದು ಭಾಗ ಅಲ್ಲೇ ಮುಗಿಯಿತು. ಕೈಪ್ರೋಬ್‌ಗಳು ಅಗ್ಗ, ಆದರೆ ಸತತವಾಗಿ ಬಳಸಿದರೆ ಬಿಸಿಯಾಗಿ ನಿಂತುಬಿಡುತ್ತವೆ, ಕೆಲವಕ್ಕೆ ವರ್ಷವರ್ಷ ಚಂದಾ ಬೇರೆ. ಈಗ ಎರಡು ಇಟ್ಟುಕೊಂಡು ಸರದಿಯಲ್ಲಿ ಓಡಿಸುತ್ತೇನೆ. ಪ್ರತಿ ಗುಂಪಿನಲ್ಲಿ ಒಬ್ಬರಿಗೆ ಕೇಬಲ್ ಕಾಯುವುದೇ ಕೆಲಸ.

ರೇಡಿಯಾಲಜಿಯವರ ಆಕ್ಷೇಪಕ್ಕೆ ಉತ್ತರ ಅಂತ ಪ್ರತಿ ಕ್ಲಿಪ್ ಉಳಿಸಿ, ವಾರಕ್ಕೊಮ್ಮೆ ಅವರ ಜೊತೆಯೇ ಕೂತು ನೋಡುತ್ತೇವೆ. ಎಮರ್ಜೆನ್ಸಿ ವೈದ್ಯರಿಗೆ ಒಂದೊಂದು ಬಗೆಗೆ 25ರಿಂದ 50 ಪರಿಶೀಲಿಸಿದ ಸ್ಕ್ಯಾನ್ ಬೇಕು ಅನ್ನುತ್ತಾರೆ. ವಿದ್ಯಾರ್ಥಿಗಳು ಅಷ್ಟು ಮುಟ್ಟುವುದಿಲ್ಲ. ಹಾಗಾಗಿ ಅವರ ಓದಿನ ಮೇಲೆ ಯಾವ ರೋಗಿಯ ಚಿಕಿತ್ಸೆಯೂ ನಿರ್ಧಾರವಾಗುವುದಿಲ್ಲ.

ಹೃದಯಕ್ಕೂ ಇದೇ ಕ್ರಮ ಶುರುಮಾಡಿದ್ದೇನೆ. ಎದೆಮೂಳೆಯ ಪಕ್ಕದಿಂದ ಹೃದಯವನ್ನು ಉದ್ದಕ್ಕೆ ನೋಡುವ ಪ್ಯಾರಾಸ್ಟರ್ನಲ್ ಲಾಂಗ್ ಬೇಗ ಬರುತ್ತದೆ. ಹೃದಯದ ತುದಿಯಿಂದ ನಾಲ್ಕೂ ಕೋಣೆ ನೋಡುವ ಏಪಿಕಲ್‌ದೇ ಕಾಟ, ಎಲ್ಲರೂ ಪ್ರೋಬನ್ನು ಒಂದು ಪಕ್ಕೆಲುಬಿನಷ್ಟು ಮೇಲಕ್ಕೇ ಇಟ್ಟು ವೆಂಟ್ರಿಕಲ್ (ಹೃದಯದ ಕೆಳಕೋಣೆ) ಚಿತ್ರದಲ್ಲಿ ಗಿಡ್ಡ ಕಾಣುವಂತೆ ಮಾಡುತ್ತಾರೆ. ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಬಡಿತ ಕೈಗೆ ಸಿಗುವ ಜಾಗ ಮೊದಲು ಬೆರಳಿನಿಂದ ಹುಡುಕಿ ಆಮೇಲೆ ಪ್ರೋಬ್ ಇಡಿಸುತ್ತಿದ್ದೇನೆ. ಈ ಬ್ಯಾಚ್‌ನಲ್ಲಿ ಅರ್ಧದಷ್ಟು ಜನಕ್ಕೆ ಬಂದಿದೆ.