ಓಮ್ನಿ ಮಿಸ್ಸಿಂಗ್ ಹೊಡೆದರೆ ಮೊದಲು ಕಾರ್ಬೊರೇಟರ್ ಬಿಚ್ಚಬೇಡಿ

ಹಳೆಯ ಮಾರುತಿ ಓಮ್ನಿ ವ್ಯಾನ್ ಏರಿನಲ್ಲಿ ಜಗ್ಗತೊಡಗಿದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರಿಗೆ. ಚೆನ್ನಾಗಿದ್ದ ಸೆಟ್ಟಿಂಗ್ ಕೆಡುತ್ತದೆ, ಮಿಸ್ಸಿಂಗ್ ಹಾಗೇ ಉಳಿಯುತ್ತದೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಕಾರ್ಬೊರೇಟರ್ ಸರದಿ ಕೊನೆಗೆ ಬರಲಿ.

ಗಾಡಿ ಸ್ಲೋದಲ್ಲಿ ನಿಂತಿದ್ದಾಗಲೂ ಒಂದೇ ತಾಳದಲ್ಲಿ ನಡುಗುತ್ತಿದ್ದರೆ ಅದು ಮಿಸ್ಸಿಂಗ್, ಅಂದರೆ ಪೆಟ್ರೋಲ್ ಉರಿಯಬೇಕಾದ ಸಿಲಿಂಡರ್ ಒಂದು ಸರಿಯಾಗಿ ಉರಿಯುತ್ತಿಲ್ಲ. ಸ್ಲೋದಲ್ಲಿ ಸರಿಯಿದ್ದು, ಆಕ್ಸಿಲರೇಟರ್ ಒತ್ತಿದ ಕ್ಷಣ ಮಾತ್ರ ಉಸಿರು ಸಿಕ್ಕಿಕೊಂಡಂತಾಗಿ ಆಮೇಲೆ ಓಡಿದರೆ ಅದು ಪಿಕಪ್ ದೋಷ. ಎರಡರ ದಾರಿ ಬೇರೆ. ಇಲ್ಲಿ ಹೇಳುತ್ತಿರುವುದು 796 ಸಿಸಿಯ ಕಾರ್ಬೊರೇಟರ್ ಗಾಡಿಯ ಮಾತು. ಎಂಪಿಎಫ್‌ಐ (ಕಾರ್ಬೊರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಗಾಡಿಯಲ್ಲಿ, ಮುಂದೆ ಹೇಳುವ ವೈರ್ ಕಿತ್ತು ನೋಡುವ ಪರೀಕ್ಷೆ ಬೇಡ.

ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ; ಮೊದಲು ಆ ಸೀಟು ಎತ್ತಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ. ಸೋರಿಕೆ ಸರಿಯಾಗುವ ತನಕ ಮುಂದಿನದೆಲ್ಲ ನಿಲ್ಲಲಿ.

ಈಗ ಮುಖ್ಯ ಕೆಲಸ: ಮೂರು ಸಿಲಿಂಡರ್‌ಗಳಲ್ಲಿ ಕೈಕೊಟ್ಟಿರುವುದು ಯಾವುದು? ಪ್ಲಗ್ ವೈರ್‌ಗಳಿಗೆ 1, 2, 3 ಎಂದು ಟೇಪ್ ಅಂಟಿಸಿ (ಪ್ಲಗ್ ಎಂದರೆ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಭಾಗ). ಅದಲು ಬದಲಾದರೆ ಹೊಸ ತಲೆನೋವು. ಎಂಜಿನ್ ಆಫ್ ಇದ್ದಾಗಲೇ ಒಂದು ವೈರ್ ಕಿತ್ತು, ಅದರ ತುದಿಗೆ ಹಳೆಯ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ಭದ್ರವಾಗಿ ಇಡಿ. ವೈರನ್ನು ಸುಮ್ಮನೆ ನೇತುಬಿಟ್ಟರೆ ಕಿಡಿಗೆ ಕರೆಂಟ್ ಕೊಡುವ ಕಾಯಿಲ್ ಹಾಳಾಗಬಹುದು, ಕೈಯಲ್ಲಿ ಹಿಡಿದರೆ ಶಾಕ್ ಹೊಡೆಯುತ್ತದೆ. ಸ್ಟಾರ್ಟ್ ಮಾಡಿ ಸದ್ದು ಕೇಳಿ. ನಡುಗು ಜಾಸ್ತಿಯಾದರೆ ಆ ಸಿಲಿಂಡರ್ ದುಡಿಯುತ್ತಿತ್ತು ಎಂದರ್ಥ. ಆಫ್ ಮಾಡಿ, ಅದನ್ನು ಜೋಡಿಸಿ, ಮುಂದಿನದಕ್ಕೆ ಹೋಗಿ. ಯಾವ ವೈರ್ ಕಿತ್ತಾಗ ಸದ್ದು ಒಂಚೂರೂ ಬದಲಾಗುವುದಿಲ್ಲವೋ ಕಳ್ಳ ಅಲ್ಲಿದ್ದಾನೆ.

ಆ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ತನ್ನಿ. ದೋಷವೂ ಜೊತೆಗೆ ಹೋಯಿತೇ? ಹಾಗಿದ್ದರೆ ಪ್ಲಗ್ಗೇ ಕೆಟ್ಟಿದೆ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಚೆನ್ನ, ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಎಣ್ಣೆಯ ಜಿಡ್ಡಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಹೊಸ ಪ್ಲಗ್ಗಿನ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಇಟ್ಟೇ ನೋಡಿ. ಅರ್ಧ ಬೆಲೆಗೆ ಸಿಗುವ ನಕಲಿ ಪ್ಲಗ್ ಬೇಡವೇ ಬೇಡ. ಟ್ಯಾಂಕಿಗೆ ಸುರಿಯುವ 'ಎಂಜಿನ್ ಕ್ಲೀನರ್' ಬಾಟಲಿಗೂ ದುಡ್ಡು ಹಾಕಬೇಡಿ. ಸತ್ತ ಪ್ಲಗ್ಗಿಗೆ ಅದು ಜೀವ ಕೊಡುವುದಿಲ್ಲ.

ದೋಷ ಅಲ್ಲೇ ಉಳಿದರೆ ಕತ್ತಲಾಗುವವರೆಗೆ ಕಾಯಿರಿ. ಒಂದು ಮಳೆಗಾಲ ನಮ್ಮ ಗಾಡಿ ಚಾರ್ಮಾಡಿ ಘಾಟಿಯಲ್ಲಿ ತೇಕುತ್ತಿತ್ತು, ಬಯಲಿನ ಬಿಸಿಲಿಗೆ ಬಂದರೆ ಸರಿ. ಕಾರ್ಬೊರೇಟರ್ ಎರಡು ಸಲ ತೊಳೆಸಿ ಆಗಿತ್ತು. ರಾತ್ರಿ ಅಂಗಳದಲ್ಲಿ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಇಸ್ತ್ರಿ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ವೈರ್‌ಗಳ ಮೇಲೆ ತುಂತುರು ಹಾಕಿದೆ. ಎರಡನೇ ವೈರಿನ ಬುಡದಲ್ಲಿ ಚಟಚಟ ಎಂದು ನೀಲಿ ಕಿಡಿ! ಬೆಳಿಗ್ಗೆ ನೋಡಿದರೆ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನ ಒಳಗೂ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಇದೆಯೇ ನೋಡಿ. ಇದ್ದರೆ ಉಜ್ಜುತ್ತ ಕೂರಬೇಡಿ, ಕ್ಯಾಪ್ ಬದಲಿಸಿ. ಡಿಸ್ಟ್ರಿಬ್ಯೂಟರಿನಲ್ಲಿ ಕರೆಂಟ್ ಕಡಿದು ಜೋಡಿಸುವ ಪಾಯಿಂಟ್ ಇರುವ ಗಾಡಿಯಾದರೆ ಗ್ಯಾಪ್ 0.4ರಿಂದ 0.5 ಮಿ.ಮೀ.; ಪಾಯಿಂಟ್ ಬೇಗಬೇಗ ಸುಟ್ಟು ಹೋಗುತ್ತಿದ್ದರೆ ಪಾಯಿಂಟಿನ ಕಿಡಿ ತಗ್ಗಿಸುವ ಕಂಡೆನ್ಸರನ್ನೂ ಬದಲಿಸಿ.

ಇಷ್ಟಾದರೂ ಆ ಸಿಲಿಂಡರ್ ಸತ್ತೇ ಇದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನೋಡಿಸಿ. ಕಡಿಮೆ ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಲಿ: ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ನೋಡಬೇಕು.

ಪಿಕಪ್ ದೋಷವಾದರೆ ಫ್ಯುಯೆಲ್ ಫಿಲ್ಟರ್ ಹೊಸದು ಹಾಕಿ, ವ್ಯಾಕ್ಯೂಮ್ ಪೈಪ್‌ಗಳ ತುದಿ ಸೀಳಿದೆಯೇ ನೋಡಿ. ಆಮೇಲೆ ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಏರ್ ಫಿಲ್ಟರಿನ ಕೊಳವೆ ತೆಗೆದು, ಟಾರ್ಚ್ ಬಿಟ್ಟು ಕಾರ್ಬೊರೇಟರಿನ ಬಾಯೊಳಗೆ ನೋಡುತ್ತ ಆಕ್ಸಿಲರೇಟರ್ ಕೇಬಲ್ ಎಳೆಯಿರಿ. ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಬೇಕು. ತೊಟ್ಟಿಕ್ಕಿದರೆ, ಇಲ್ಲವೇ ಏನೂ ಬರದಿದ್ದರೆ ಆಕ್ಸಿಲರೇಟರ್ ಪಂಪಿನ ಡಯಾಫ್ರಮ್ (ರಬ್ಬರ್ ಪೊರೆ) ಗಟ್ಟಿಯಾಗಿರಬಹುದು, ದಾರಿ ಕಟ್ಟಿಕೊಂಡಿರಬಹುದು. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳುವುದು ಕಷ್ಟ. ಕಾರ್ಬೊರೇಟರ್ ಬಿಚ್ಚಬೇಕಾದದ್ದು ಈಗ. ರಿಪೇರಿ ಕಿಟ್ ತರಲು ಹೋಗುವಾಗ ಹಳೆಯ ಡಯಾಫ್ರಮ್ ಜೊತೆಗಿರಲಿ, ಅಂಗಡಿಯಲ್ಲೇ ತೂತಿಗೆ ತೂತು ಹೊಂದಿಸಿ ನೋಡಿ ತನ್ನಿ.