ಈ ದುಡ್ಡು ಯಾರ ಕಿಸೆಗೆ? ಪುಣೆಯಲ್ಲಿ ಹೊಸ ಫ್ಲ್ಯಾಟಿನ ಕಾಸ್ಟ್ ಶೀಟ್ ಓದುವ ಬಗೆ

ಹೋದ ತಿಂಗಳು ತಂಗಿಯ ಗಂಡ ಪುನಾವಳೆಯ ಸೈಟಿನಿಂದಲೇ ಫೋನ್ ಮಾಡಿದರು. "ಅಕ್ಕಾವ್ರ, ಹನ್ನೊಂದನೇ ಫ್ಲೋರ್, ಟೂ ಬಿಎಚ್‌ಕೆ. ಎಲ್ಲಾ ಸೇರಿ ಎಪ್ಪತ್ತೆಂಟರಾಗ ಬರ್ತದ. ಇವತ್ತ ಟೋಕನ್ ಕೊಟ್ರ ಪಾರ್ಕಿಂಗಿನ್ಯಾಗ ಐವತ್ತು ಸಾವಿರ ಬಿಡ್ತಾರಂತ."

"ಶೀಟ್ ಕೊಟ್ಟಾರೇನ್ರಿ?"

ಶೀಟ್ ಅಂದರೆ ಕಾಸ್ಟ್ ಶೀಟ್, ಫ್ಲ್ಯಾಟಿನ ಬೆಲೆಯನ್ನು ಸಾಲು ಸಾಲಾಗಿ ಬಿಡಿಸಿ ಬಿಲ್ಡರ್ ಕೊಡುವ ಪಟ್ಟಿ. ಕೊಟ್ಟಿದ್ದರು. "ಹಂಗಾರ ಟೋಕನ್ ಬ್ಯಾಡ. ಶೀಟ್ ತಗೊಂಡು ಸೀದಾ ಮನಿಗೆ ಬರ್ರಿ, ಊಟಾನೂ ಇಲ್ಲೇ ಮಾಡೂಣು" ಅಂದೆ.

ನಾನು ಭೋಸರಿ ಎಂಐಡಿಸಿಯ ಒಂದು ಕಂಪನಿಯಲ್ಲಿ ಪರ್ಚೇಸ್ ಕೆಲಸದವಳು. 19 ವರ್ಷದಿಂದ ಕೊಟೇಶನ್ ನೋಡುವುದೇ ಹೊಟ್ಟೆಪಾಡು. ಬೇರಿಂಗ್ ಮಾರುವವನ ಜೊತೆ ಹತ್ತು ಪೈಸೆಗೆ ಜಗಳಾಡುತ್ತೇನೆ. ಅಂಥವಳು 2019ರಲ್ಲಿ ನನ್ನ ಸ್ವಂತ ಮನೆಯ ಕಾಸ್ಟ್ ಶೀಟಿಗೆ ಸುಮ್ನೆ ಸಹಿ ಹಾಕಿ ಬಂದಿದ್ದೆ. ಸ್ಯಾಂಪಲ್ ಫ್ಲ್ಯಾಟ್ ನೋಡಿ ಮನಸ್ಸು ಕರಗಿತ್ತು. ಅದಕ್ಕೆ ಬಾಗಿಲೇ ಇಟ್ಟಿರಲಿಲ್ಲ, ಅದಕ್ಕೇ ಅಷ್ಟು ದೊಡ್ಡದಾಗಿ ಕಂಡಿತು ಅಂತ ಆಮೇಲೆ ಹೊಳೆಯಿತು. ಅದರ ಪೆಟ್ಟು ಪಜೇಶನ್ ಹೊತ್ತಿಗೆ, ಅಂದರೆ ಮನೆ ಕೈಗೆ ಬರುವಾಗ ಬಿತ್ತು. ಆ ಕಥೆ ಕೊನೆಗೆ ಹೇಳುತ್ತೇನೆ.

ಶೀಟ್ ಕೈಗೆ ಬಂದ ಕೂಡಲೇ ನಾನು ಕೆಳಗಿನ ಮೊತ್ತ ನೋಡುವುದಿಲ್ಲ. ಪೆನ್ನು ಹಿಡಿದು ಒಂದೊಂದು ಸಾಲಿನ ಪಕ್ಕಕ್ಕೂ ಒಂದು ಅಕ್ಷರ ಬರೆಯುತ್ತೇನೆ. ದುಡ್ಡು ಸರಕಾರದ ಕಿಸೆಗೆ ಹೋಗುವುದಾದರೆ 'ಸ'. ಮುಂದೆ ಆಗುವ ಸೊಸೈಟಿಗೆ ಸೇರಬೇಕಾದದ್ದಾದರೆ 'ಸೊ'. ಬಿಲ್ಡರ್ ಕಿಸೆಗಾದರೆ 'ಬಿ'. 'ಸ' ಇರುವ ಕಡೆ ಚೌಕಾಶಿ ನಡೆಯುವುದಿಲ್ಲ, ಆದರೆ ಲೆಕ್ಕ ನಾವೇ ಮಾಡಿ ನೋಡಬಹುದು. 'ಸೊ' ಇರುವ ಕಡೆ ರಸೀದಿ, ಹಿಸಾಬು ಕೇಳಬಹುದು. 'ಬಿ' ಇರುವ ಕಡೆ ಬಾಯಿ ಬಿಟ್ಟು ಕಡಿಮೆ ಮಾಡಿ ಅನ್ನಬಹುದು. ಹೆಸರು ಏನೇ ಇರಲಿ, ಫ್ಲೋರ್ ರೈಸ್, ಇನ್‌ಫ್ರಾ, ಡೆವಲಪ್‌ಮೆಂಟ್, ಕ್ಲಬ್, ಎಲ್ಲ ಒಂದೇ ಕಿಸೆ.

ತಂಗಿಯ ಶೀಟ್ ಹೀಗಿತ್ತು. ಬೇಸಿಕ್ ದರ ಚದರ ಅಡಿಗೆ 8,100 ರೂ., 720 ಅಡಿಗೆ 58,32,000. ಫ್ಲೋರ್ ರೈಸ್ ಆರನೇ ಫ್ಲೋರಿನಿಂದ, ಒಂದೊಂದು ಫ್ಲೋರಿಗೆ ಅಡಿಗೆ 40 ರೂಪಾಯಿಯಂತೆ 1,72,800. ಇನ್‌ಫ್ರಾ, ಅಂದರೆ ರಸ್ತೆ, ನೀರು ಇಂಥ ಸೌಕರ್ಯದ ಹೆಸರಿನಲ್ಲಿ, ಅಡಿಗೆ 300ರಂತೆ 2,16,000. ಪಾರ್ಕಿಂಗ್ 3 ಲಕ್ಷ. ಕ್ಲಬ್ ಹೌಸ್ ಒಂದೂವರೆ ಲಕ್ಷ. ಇಷ್ಟು ಸೇರಿ ಅಗ್ರಿಮೆಂಟ್ ವ್ಯಾಲ್ಯೂ 66,70,800. ಅದರ ಮೇಲೆ ಜಿಎಸ್‌ಟಿ ಶೇ. 5, ಸ್ಟ್ಯಾಂಪ್ ಡ್ಯೂಟಿ ಶೇ. 7, ರಿಜಿಸ್ಟ್ರೇಶನ್ 30,000. ಕೆಳಗೆ ಸಣ್ಣ ಅಕ್ಷರದಲ್ಲಿ ಲೀಗಲ್ 30,000, ಸೊಸೈಟಿ ಫಾರ್ಮೇಶನ್ 25,000, ಎರಡು ವರ್ಷದ ಮೆಂಟೆನನ್ಸ್ ತಿಂಗಳಿಗೆ ಅಡಿಗೆ 4 ರೂಪಾಯಿಯಂತೆ ಜಿಎಸ್‌ಟಿ ಸೇರಿ 81,562, ಕಾರ್ಪಸ್ (ಸೊಸೈಟಿಯ ಮೂಲನಿಧಿ) 50,000, ಕರೆಂಟ್ ಮೀಟರಿಗೆ 85,000. ಒಟ್ಟು 77,72,858.

ಕೂಡಿಸಿದ್ದು ಸರಿ ಇತ್ತು. ತಪ್ಪು ಇದ್ದದ್ದು ಮೊದಲ ಸಾಲಿನಲ್ಲೇ.

720 ಅಡಿ ಅಂದರೆ ಏನು ಅಂತ ಕೇಳಿ. ಪುಣೆಯ ಶೀಟುಗಳಲ್ಲಿ ಇದನ್ನು 'ಯೂಸೇಬಲ್ ಕಾರ್ಪೆಟ್' ಅಂತ ಬರೆಯುತ್ತಾರೆ, ಕಾರ್ಪೆಟ್ ಅಂದರೆ ಬಳಸಲು ಸಿಗುವ ನೆಲದ ಅಳತೆ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾನೂನು ಹೇಳುವ ಕಾರ್ಪೆಟ್ ಬೇರೆ. ಮನೆಯೊಳಗಿನ ಗೋಡೆಗಳು ಅದರಲ್ಲಿ ಸೇರುತ್ತವೆ. ಹೊರಗೋಡೆ, ಡಕ್ಟ್, ಬಾಲ್ಕನಿ, ತೆರೆದ ಟೆರೇಸ್ ಸೇರುವುದಿಲ್ಲ. ಈ ಫ್ಲ್ಯಾಟಿನಲ್ಲಿ ರೇರಾ ಕಾರ್ಪೆಟ್ 640, ಬಾಲ್ಕನಿ 50, ವಾಷಿಂಗ್ ಮಶೀನ್ ಇಡುವ ಡ್ರೈ ಬಾಲ್ಕನಿ 30. ಅಗ್ರಿಮೆಂಟಿನಲ್ಲಿ ಚದರ ಮೀಟರ್ ಇರುತ್ತದೆ, 10.764ರಿಂದ ಗುಣಿಸಿದರೆ ಅಡಿ ಸಿಗುತ್ತದೆ.

ಈಗ ಒಟ್ಟು 77,72,858ನ್ನು 640ರಿಂದ ಭಾಗಿಸಿ. 12,145 ರೂಪಾಯಿ. ಬೋರ್ಡಿನ ಮೇಲೆ 8,100! ನನ್ನ ಮಟ್ಟಿಗೆ ಶೀಟಿನಲ್ಲಿ ನೆನಪಿಡಬೇಕಾದ ಸಂಖ್ಯೆ ಇದೊಂದೇ. ತಂಗಿ ನೋಡಿ ಬಿಟ್ಟಿದ್ದ ರಾವೇತದ ಇನ್ನೊಂದು ಫ್ಲ್ಯಾಟ್ ಬಾಕ್ಸ್ ಪ್ರೈಸ್ 79 ಲಕ್ಷ, ಅಂದರೆ ಎಲ್ಲ ಸೇರಿ ಒಂದೇ ಮೊತ್ತ, ರೇರಾ ಕಾರ್ಪೆಟ್ 690. ಭಾಗಿಸಿದರೆ 11,449. 'ತುಟ್ಟಿ ಆಯ್ತು' ಅಂತ ಬಿಟ್ಟದ್ದೇ ಅಡಿ ಲೆಕ್ಕದಲ್ಲಿ ಅಗ್ಗ. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಇಬ್ಬರೂ ಎರಡೆರಡು ಸಲ ಮೊಬೈಲಿನಲ್ಲಿ ಲೆಕ್ಕ ಮಾಡಿದರು. ಬಾಕ್ಸ್ ಪ್ರೈಸ್ ಅಂದರೂ ಒಳಗೆ ಏನೇನು ಇದೆ ಅಂತ ಬರೆಸಿಕೊಳ್ಳಬೇಕು. ಎಷ್ಟೋ ಬಾಕ್ಸುಗಳಲ್ಲಿ ಮೆಂಟೆನನ್ಸ್, ಕಾರ್ಪಸ್ ಹೊರಗೇ ಉಳಿದಿರುತ್ತವೆ.

'ಸ' ಸಾಲುಗಳಿಗೆ ಬರೋಣ. ಜಿಎಸ್‌ಟಿ 2019ರ ಏಪ್ರಿಲ್‌ನಿಂದ ಕಟ್ಟುತ್ತಿರುವ ಮನೆಗೆ ಶೇ. 5. ಕಂಪ್ಲೀಶನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಇಲ್ಲ. ಒಟ್ಟು 45 ಲಕ್ಷದೊಳಗಿನ ಸಣ್ಣ ಮನೆಗೆ ಶೇ. 1. ಈ ಲೆಕ್ಕಕ್ಕೆ ಮುಂಬೈ ಮೆಟ್ರೋ ಊರು, ಅಲ್ಲಿ 60 ಚದರ ಮೀಟರ್ ಮಿತಿ. ಪುಣೆ ಆ ಪಟ್ಟಿಯಲ್ಲಿ ಇಲ್ಲ, ಇಲ್ಲಿ 90 ಚದರ ಮೀಟರ್‌ವರೆಗೆ ನಡೆಯುತ್ತದೆ. ಚಾಕಣ, ತಳೇಗಾಂವ್ ಕಡೆ ನೋಡುವವರು ಕೇಳಲೇಬೇಕು. 45 ಲಕ್ಷದಲ್ಲಿ ಪಾರ್ಕಿಂಗ್, ಇನ್‌ಫ್ರಾ ಎಲ್ಲ ಸೇರಿಸಿ ಎಣಿಸುತ್ತಾರೆ, ಅದು ಗೊತ್ತಿರಲಿ.

ಸ್ಟ್ಯಾಂಪ್ ಡ್ಯೂಟಿ ಪುನಾವಳೆ ಸೇರುವ ಪಿಂಪ್ರಿ-ಚಿಂಚವಾಡದಲ್ಲಿ ಶೇ. 7, ಅದರಲ್ಲಿ ಶೇ. 1 ಮೆಟ್ರೋ ಸೆಸ್. ಮುಂಬೈಯಲ್ಲಿ ಶೇ. 6. ಬರೀ ಹೆಂಗಸರ ಹೆಸರಿನಲ್ಲಿ ಮನೆ ಕೊಂಡರೆ ಶೇ. 1 ಕಡಿಮೆ. ತಂಗಿಯ ಹೆಸರೊಂದೇ ಹಾಕಿದರೆ 66,708 ರೂಪಾಯಿ ಉಳಿಯುತ್ತದೆ. ಇದನ್ನು ಸೇಲ್ಸ್ ಹುಡುಗ ಹೇಳಿರಲಿಲ್ಲ, ಅವನಿಗೇನು ಲಾಭ? ಆದರೆ ಗಂಡನೂ ಸಾಲದ ಬಡ್ಡಿಗೆ ಆದಾಯ ತೆರಿಗೆಯ ರಿಯಾಯಿತಿ ಪಡೆಯಬೇಕು ಅಂದರೆ ಮಾಲೀಕರಲ್ಲಿ ಅವರ ಹೆಸರೂ ಇರಬೇಕು. ಎರಡೂ ಲೆಕ್ಕ ಹಾಕಿ ನೋಡಿ. ಪಾಡವಾ (ನಮ್ಮ ಯುಗಾದಿ), ದಸರೆ ಬಂದರೆ 'ಝೀರೋ ಸ್ಟ್ಯಾಂಪ್ ಡ್ಯೂಟಿ' ಅಂತ ಬೋರ್ಡ್ ಹಾಕುತ್ತಾರೆ. ಆ ದುಡ್ಡನ್ನು ಮೊದಲೇ ಬೇಸಿಕ್‌ನಲ್ಲಿ ಸೇರಿಸಿದ್ದರೆ ಅದರ ಮೇಲೆ ಜಿಎಸ್‌ಟಿಯನ್ನೂ ನೀವೇ ಕಟ್ಟುತ್ತೀರಿ. ಮತ್ತೆ ಅಡಿಗೆ ಭಾಗಿಸಿ ನೋಡಿದರೆ ಬಣ್ಣ ಬಯಲು.

ಟಿಡಿಎಸ್ ಅಂತ ಇನ್ನೊಂದು ಬರುತ್ತದೆ. 50 ಲಕ್ಷ ಅಥವಾ ಅದಕ್ಕೂ ಮೇಲಿನ ಮನೆಗೆ ಶೇ. 1 ನಾವು ಕಡಿದು ಬಿಲ್ಡರ್ ಪ್ಯಾನ್‌ಗೆ ಜಮಾ ಮಾಡಬೇಕು. ಅದು ಬೆಲೆಯ ಒಳಗಿನದು, ಮೇಲಿನದಲ್ಲ. ಒಂದೊಂದು ಕಂತಿನಲ್ಲೂ 99 ಅವರಿಗೆ, 1 ಸರಕಾರಕ್ಕೆ. ನಮ್ಮ ಆಫೀಸಿನ ಒಬ್ಬರು ಪೂರ್ತಿ ಕಂತನ್ನೂ ಕೊಟ್ಟು, ಟಿಡಿಎಸ್ಸನ್ನೂ ಬೇರೆ ಕಟ್ಟಿ, ವಾಪಸ್ ಪಡೆಯಲು ವರ್ಷಗಟ್ಟಲೆ ಅಲೆದರು.

'ಸೊ' ಸಾಲುಗಳಲ್ಲಿ ನನಗೆ ನಗು ಬಂದದ್ದು ಸೊಸೈಟಿ ಫಾರ್ಮೇಶನ್. ಹತ್ತು ಷೇರಿಗೆ 500, ಪ್ರವೇಶ ಶುಲ್ಕ 100, ಸದಸ್ಯರಿಗೆ 600 ರೂಪಾಯಿ. ವಕೀಲರು, ನೋಂದಣಿ ಖರ್ಚು ಇರುತ್ತದೆ, ಒಪ್ಪೋಣ. ಆದರೆ 220 ಫ್ಲ್ಯಾಟಿನಿಂದ ತಲಾ 25,000 ಅಂದರೆ 55 ಲಕ್ಷ. ಹಿಸಾಬು ಕೊಡಿ ಅಂತ ಕೇಳಲು ನಾಚಿಕೆ ಯಾಕೆ? ಮೆಂಟೆನನ್ಸಿಗೆ ಶೇ. 18 ಜಿಎಸ್‌ಟಿ ಹಾಕಿದ್ದು ಸರಿ. ಕೇಳಬೇಕಾದ್ದು ಎರಡು ವರ್ಷ ಯಾವ ದಿನದಿಂದ ಶುರು ಅಂತ. ಪುಣೆಯಲ್ಲಿ ಇನ್ನೊಂದು ಪ್ರಶ್ನೆ: ಟ್ಯಾಂಕರ್ ನೀರಿನ ಖರ್ಚು ಈ ಅಡಿಗೆ 4 ರೂಪಾಯಿಯಲ್ಲಿ ಸೇರಿದೆಯಾ? ಹೊಸ ಏರಿಯಾಗಳಲ್ಲಿ ಬೇಸಿಗೆಯ ಟ್ಯಾಂಕರ್ ಬಿಲ್ಲೇ ಅರ್ಧ ಮೆಂಟೆನನ್ಸ್ ನುಂಗುತ್ತದೆ. ಕಾರ್ಪಸ್ ಮತ್ತು ಉಳಿದ ಮೆಂಟೆನನ್ಸ್ ದುಡ್ಡು ಸೊಸೈಟಿಗೆ ಹಸ್ತಾಂತರ ಆಗಬೇಕು. ಆ ಮಾತು ಅಗ್ರಿಮೆಂಟಿನಲ್ಲಿ ಇರಬೇಕು.

ಇನ್ನು 'ಬಿ'. ಇಲ್ಲಿ ಚೌಕಾಶಿ ಮಾಡುವ ಮೊದಲು ಮನೆಯಲ್ಲೇ ಕೂತು ಎರಡು ಕೆಲಸ ಮಾಡಿ. ಒಂದು, ಮಹಾರೇರಾ, ಅಂದರೆ ಮಹಾರಾಷ್ಟ್ರದ ರೇರಾ ಪ್ರಾಧಿಕಾರದ ಸೈಟಿನಲ್ಲಿ ಪ್ರಾಜೆಕ್ಟ್ ನಂಬರ್ ಹಾಕಿ. ಪುಣೆ ಜಿಲ್ಲೆಯ ಹಳೆಯ ಪ್ರಾಜೆಕ್ಟುಗಳದು P521 ಅಂತ ಶುರುವಾಗುತ್ತದೆ. 2023ರ ಆಗಸ್ಟ್‌ನಿಂದ ಜಾಹೀರಾತಿನ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ, ಅದನ್ನು ಸ್ಕ್ಯಾನ್ ಮಾಡಿದರೂ ಆಯಿತು. ಮಂಜೂರಾದ ಪ್ಲ್ಯಾನ್, ಅಗ್ರಿಮೆಂಟಿನ ಕರಡು, ಮುಗಿಸುವ ತಾರೀಖು ಸಿಗುತ್ತವೆ. ಸೇಲ್ಸ್ ಹುಡುಗ ಹೇಳಿದ ಪಜೇಶನ್ ತಾರೀಖು ಮತ್ತು ಅಲ್ಲಿಯ ತಾರೀಖು ಒಂದೇನಾ ನೋಡಿ. ಎರಡು, ನೋಂದಣಿ ಇಲಾಖೆಯ ಸೈಟಿನಲ್ಲಿ ಅದೇ ಕಟ್ಟಡದ ಇಂಡೆಕ್ಸ್ 2, ಅಂದರೆ ರಿಜಿಸ್ಟರ್ ಆದ ವ್ಯವಹಾರದ ಸಾರಾಂಶದ ಕಾಗದ ಹುಡುಕಿ. ಅಕ್ಕಪಕ್ಕದವರು ಎಷ್ಟಕ್ಕೆ ಕೊಂಡರು ಅಂತ ಮರಾಠಿಯಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ. ನಾವು ಹುಡುಕಿದಾಗ ಅದೇ ಟವರಿನ ಒಂಬತ್ತನೇ ಫ್ಲೋರ್ ಇಷ್ಟೇ ಅಳತೆಯದು 64 ಲಕ್ಷದ ಚಿಲ್ಲರೆಗೆ ಹೋಗಿತ್ತು. ಆ ಒಂದು ಕಾಗದ ಹತ್ತು ಮಾತಿಗೆ ಸಮ.

ಪಾರ್ಕಿಂಗ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ತೆರೆದ ಜಾಗದ ಪಾರ್ಕಿಂಗ್ ಮಾರುವಂತಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಮೇಲೆ ಚಾವಣಿ ಇರುವ ಪಾರ್ಕಿಂಗಿಗೆ ದುಡ್ಡು ತೆಗೆದುಕೊಳ್ಳಬಹುದು. ಹಾಗಾದರೆ ನಂಬರ್, ಉದ್ದ, ಅಗಲ, ಎತ್ತರ ಅಗ್ರಿಮೆಂಟಿನಲ್ಲಿ ಬರೆಯಬೇಕು ಅಂತ 2024ರಲ್ಲಿ ಮಹಾರೇರಾ ಹೇಳಿತು. 'ಡಿಪೆಂಡೆಂಟ್' ಅನ್ನುವ ಶಬ್ದ ಕಂಡರೆ ನಿಲ್ಲಿ. ನಿಮ್ಮ ಗಾಡಿಯ ಮುಂದೆ ಇನ್ನೊಬ್ಬರ ಗಾಡಿ, ಬೆಳಿಗ್ಗೆ ಏಳಕ್ಕೆ ಅವರ ಬೆಲ್ ಒತ್ತಿ ಎಬ್ಬಿಸಬೇಕು ಅಂತ ಅರ್ಥ. ತಂಗಿಯ ಶೀಟಿನ ಮೂರು ಲಕ್ಷದ ಪಾರ್ಕಿಂಗ್ ಅದೇ ಆಗಿತ್ತು.

ಟೋಕನ್ ಕೊಟ್ಟರೂ ಅಲಾಟ್‌ಮೆಂಟ್ ಲೆಟರ್ ಇಲ್ಲದೆ ಕೊಡಬೇಡಿ. ಮಹಾರೇರಾದ ಮಾದರಿ ಲೆಟರ್ ಪ್ರಕಾರ 15 ದಿನದೊಳಗೆ ಬೇಡ ಅಂದರೆ ಏನೂ ಕಡಿಯುವಂತಿಲ್ಲ. 60 ದಿನ ದಾಟಿದರೆ ಫ್ಲ್ಯಾಟಿನ ಬೆಲೆಯ ಶೇ. 2, ಅಂದರೆ ಇಲ್ಲಿ ಲಕ್ಷದ ಮೇಲೆ. ಅಗ್ರಿಮೆಂಟ್ ರಿಜಿಸ್ಟರ್ ಆಗುವ ತನಕ ಶೇ. 10ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಆದ ಮೇಲೆ ಒಟ್ಟು ಶೇ. 30, ಪ್ಲಿಂತ್ (ನೆಲಗಟ್ಟು) ಮುಗಿದಾಗ 45, ಎಲ್ಲ ಸ್ಲ್ಯಾಬ್ ಮುಗಿದಾಗ 70, ಕೊನೆಯ 5 ಪಜೇಶನ್ ಹೊತ್ತಿಗೆ. ಇದಕ್ಕಿಂತ ಮುಂದೆ ಓಡುವ ಪಟ್ಟಿ ಕೊಟ್ಟರೆ ಒಪ್ಪಬೇಡಿ.

ಈಗ ನನ್ನ ಕಥೆ. 2022ರಲ್ಲಿ ಪಜೇಶನ್ ಲೆಟರ್ ಜೊತೆ ಒಂದು ಡಿಮಾಂಡ್ ಬಂತು, 2,14,000. ಕಾರ್ಪೆಟ್ ಶೇ. 2.4 ಹೆಚ್ಚಾಗಿದೆ, ಗ್ಯಾಸ್ ಪೈಪಿಗೆ ಇಷ್ಟು, ಮೀಟರ್ ವ್ಯತ್ಯಾಸ ಇಷ್ಟು, ಮತ್ತೆ 'ಇತರೆ'. ಕೀಲಿಕೈ ಬೇಕಾದರೆ ಏಳು ದಿನದಲ್ಲಿ ಕಟ್ಟಿ ಅಂತ. ಗೃಹಪ್ರವೇಶಕ್ಕೆ ವಿಜಯಪುರದಿಂದ ಮಂದಿ ರೈಲು ಹತ್ತಲು ತಯಾರಾಗಿದ್ದರು. ಆ ಹೊತ್ತು ನೋಡಿಯೇ ಕಳಿಸುತ್ತಾರೆ ಅಂತ ನನ್ನ ಗುಮಾನಿ. ಶೇ. 3ರವರೆಗೆ ಅಳತೆ ಹೆಚ್ಚುಕಡಿಮೆ ಆಗಬಹುದು ಅಂತ ಅಗ್ರಿಮೆಂಟಿನಲ್ಲೇ ಇತ್ತು, ಅದಕ್ಕೆ ಮೊದಲು ನಾನೂ ಸುಮ್ಮನಾಗಿದ್ದೆ. ಆದರೆ ಹೆಚ್ಚಾದದ್ದು ಎಲ್ಲಿ ಅಂತ ವಿವರ ಕೊಡುವುದು ಅವರ ಕೆಲಸ. ಇ-ಮೇಲಿನಲ್ಲಿ ಕೇಳಿದೆ. ಉತ್ತರ ಇಲ್ಲ. ತಮ್ಮನನ್ನು ಕರೆದುಕೊಂಡು ಟೇಪು ಹಿಡಿದು ಕೋಣೆ ಕೋಣೆ ಅಳೆದೆವು. ಹಾಲ್ ಅಷ್ಟೇ ಇತ್ತು, ಬೆಡ್‌ರೂಂ ಅಷ್ಟೇ ಇತ್ತು. ಕಿಟಕಿಯ ಹೊರಗಿನ, ಎಸಿ ಯೂನಿಟ್ ಇಡುವ ಜಾಗ ಈಗ ಕಾರ್ಪೆಟ್ ಆಗಿತ್ತು! ಅಳತೆ ಬರೆದ ಹಾಳೆ, ಪ್ಲ್ಯಾನ್, ಫೋಟೋ ಲಗತ್ತಿಸಿ ಮತ್ತೆ ಬರೆದೆ. ಮೂರನೇ ದಿನ ಆ ಸಾಲು ಹೋಯಿತು. 'ಇತರೆ'ಗೂ ಬಿಲ್ ಕೇಳಿದೆ, ಅದೂ ಹೋಯಿತು. ಗ್ಯಾಸ್ ಪೈಪಿನದು ಕಟ್ಟಿದೆ, ಅದಕ್ಕೆ ಬಿಲ್ ಇತ್ತು. ಕಾಂಕ್ರೀಟ್ ತುಟ್ಟಿ ಆಯಿತು, ಸ್ಟೀಲ್ ತುಟ್ಟಿ ಆಯಿತು ಅಂತ ಪಕ್ಕದ ಟವರಿನವರಿಗೆ ಕೇಳಿದ್ದರು. ಮಾದರಿ ಅಗ್ರಿಮೆಂಟ್ ಪ್ರಕಾರ ಸರಕಾರಿ ಶುಲ್ಕ ಏರಿದರೆ ಮಾತ್ರ ಕೇಳಬಹುದು, ಅದಕ್ಕೂ ಆದೇಶದ ಪ್ರತಿ ಕೊಡಬೇಕು.

ಎಕ್ಸ್‌ಟ್ರಾ ವರ್ಕಿನಲ್ಲಿ ಮಾತ್ರ ನಾನು ಸೋತೆ. ಅಡುಗೆಮನೆಯಲ್ಲಿ ಎರಡು ಪ್ಲಗ್ ಪಾಯಿಂಟ್ ಸರಿಸಿ ಅಂತ ಸೈಟ್ ಸೂಪರ್‌ವೈಸರಿಗೆ ಬಾಯಲ್ಲಿ ಹೇಳಿದ್ದೆ. ದರ ಕೇಳಿರಲಿಲ್ಲ. 18,500 ರೂಪಾಯಿಯ ಬಿಲ್ ಬಂತು, ತೆತ್ತೆ. ಆಫೀಸಿನಲ್ಲಿ ಪಿಒ (ಪರ್ಚೇಸ್ ಆರ್ಡರ್) ಇಲ್ಲದೆ ಒಂದು ವಾಷರ್ ಕೂಡ ತರಿಸದವಳು!

ತಂಗಿಯ ಶೀಟು ನಾಲ್ಕನೇ ಸಲಕ್ಕೆ ಬದಲಾಗಿ ಬಂತು. ಇಂಡೆಕ್ಸ್ 2 ತೋರಿಸಿದ್ದಕ್ಕೆ ಫ್ಲೋರ್ ರೈಸ್ ಹೋಯಿತು. ಲೀಗಲ್ 30,000 ಬಿಟ್ಟರು. ಪಾರ್ಕಿಂಗ್ ಡಿಪೆಂಡೆಂಟ್ ಹೋಗಿ ಬೇಸ್‌ಮೆಂಟಿನಲ್ಲಿ ಒಂಟಿ ಜಾಗ ಬಂತು, ದುಡ್ಡು ಅಷ್ಟೇ. ಇನ್‌ಫ್ರಾ ಒಂದು ಪೈಸೆ ಇಳಿಯಲಿಲ್ಲ. ಅಡಿಗೆ 12,145 ಇದ್ದದ್ದು 11,796ಕ್ಕೆ ಬಂದಿದೆ. ರಾವೇತದವರು ಇನ್ನೂ ಅಗ್ಗವೇ. ಅವರ ಬಾಕ್ಸಿನೊಳಗೆ ಏನೇನಿದೆ ಅಂತ ಬರೆದುಕೊಡಲು ಹೇಳಿದ್ದೇವೆ, ಶುಕ್ರವಾರದ ತನಕ ಕಾಯುವುದು ಅಂತ ಮಾತಾಗಿದೆ.