ಸೆಕ್ಷನ್ ಹರಿಯುತ್ತಿದೆಯಾ? ಬ್ಲೇಡ್ ಬಿಡಿ, ಟಿಶ್ಯೂವಿನಲ್ಲಿ ನೀರು ಉಳಿದಿದೆಯಾ ನೋಡಿ

ಮೈಕ್ರೋಸ್ಕೋಪಿನಲ್ಲಿ ನೋಡಲು ಟಿಶ್ಯೂವನ್ನು (ರೋಗಿಯ ದೇಹದಿಂದ ತೆಗೆದ ತುಂಡನ್ನು) ಮೇಣದಲ್ಲಿ ಕೂರಿಸಿ ತೆಳ್ಳಗೆ ಕತ್ತರಿಸಿದ ಪದರವೇ ಸೆಕ್ಷನ್. ಅದು ಹರಿದು ಬಂದ ಕೂಡಲೇ ಎಲ್ಲರೂ ಬೈಯುವುದು ಮೈಕ್ರೊಟೋಮಿನ, ಅಂದರೆ ಕತ್ತರಿಸುವ ಯಂತ್ರದ, ಬ್ಲೇಡನ್ನು. ಬ್ಲೇಡ್ ಬದಲಾಯಿಸಿದ ಮೇಲೂ ಹರಿಯುತ್ತಿದ್ದರೆ ತಪ್ಪು ಹಿಂದೆಯೇ ಆಗಿದೆ, ಟಿಶ್ಯೂವಿನಲ್ಲಿ ನೀರು ಉಳಿದಿರಬಹುದು. ನೀರಿಗೂ ಮೇಣಕ್ಕೂ ಆಗಿಬರುವುದಿಲ್ಲ, ಅಲ್ವಾ?

ತುಂಡು 3-4 ಮಿ.ಮೀ.ಗಿಂತ ದಪ್ಪ ಬೇಡ. ತುಂಡು ಕೊಳೆಯದಂತೆ ಕಾಪಾಡುವ ದ್ರಾವಣ, 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್, ತುಂಡಿನ ಗಾತ್ರದ 10ರಿಂದ 20 ಪಟ್ಟು ಇರಲಿ. ಚಿಕ್ಕ ಬಯಾಪ್ಸಿಗೂ ಕನಿಷ್ಠ 6 ಗಂಟೆ ಕೊಡಿ, ದೊಡ್ಡ ತುಂಡಿಗೆ 24 ಗಂಟೆ ಅಥವಾ ಇನ್ನೂ ಜಾಸ್ತಿ. ಇಲ್ಲಿ ಅವಸರ ಮಾಡಿದ್ದನ್ನು ಮುಂದೆ ಯಾರೂ ಸರಿಮಾಡಲಾರರು. ಕ್ಯಾಸೆಟ್ (ತುಂಡನ್ನಿಡುವ ತೂತಿನ ಪುಟ್ಟ ಡಬ್ಬಿ) ಮೇಲೆ ನಂಬರ್ ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಇಂಕು ಆಲ್ಕೋಹಾಲಿನಲ್ಲಿ ಅಳಿಸಿಹೋದರೆ ಅದು ಯಾವ ರೋಗಿಯ ತುಂಡು ಅಂತಲೇ ಗೊತ್ತಾಗುವುದಿಲ್ಲ.

ಆಮೇಲೆ ನೀರು ತೆಗೆಯಲು 70, 90, 100% ಆಲ್ಕೋಹಾಲ್, ಒಂದೊಂದರಲ್ಲಿ ಸುಮಾರು ಒಂದು ಗಂಟೆ. ನೇರವಾಗಿ 100%ಗೆ ಹಾಕಿದರೆ ತುಂಡು ಮುರುಟುತ್ತದೆ. 100%ದನ್ನು ಎರಡು ಮೂರು ಸಲ ಬದಲಿಸಿ, ಕೊನೆಯದು ಹೊಸದೇ ಆಗಿರಲಿ. ಈಗ ಆಲ್ಕೋಹಾಲ್ ತೆಗೆದು ಮೇಣಕ್ಕೆ ದಾರಿ ಮಾಡಿಕೊಡುವ ಕ್ಸೈಲೀನ್. ಇದರಲ್ಲಿ ತುಂಡನ್ನು ಬೆಳಕಿಗೆ ಹಿಡಿದು ನೋಡಿ: ಅಂಚಿನಿಂದ ನಡುವಿನವರೆಗೂ ಬೆಳಕು ಹಾಯಬೇಕು, ಎಣ್ಣೆ ಹೀರಿದ ಕಾಗದದ ಹಾಗೆ. ಕ್ಸೈಲೀನ್ ಹಾಲಿನ ಹಾಗೆ ಬೆಳ್ಳಗಾದರೆ ನೀರು ಇನ್ನೂ ಇದೆ ಅಂತಲೇ ಅರ್ಥ, ಸುಮ್ನೆ ಮುಂದೆ ಹೋಗಬೇಡಿ, ಹೊಸ 100% ಆಲ್ಕೋಹಾಲಿಗೆ ವಾಪಸ್ ಹಾಕಿ. ಕ್ಸೈಲೀನ್ ಬೇಗ ಹೊತ್ತಿಕೊಳ್ಳುತ್ತದೆ, ಅದರ ಆವಿಯೂ ಒಳ್ಳೆಯದಲ್ಲ. ಆವಿ ಹೊರಗೆ ಎಳೆಯುವ ಹುಡ್ ಕೆಳಗೇ ಕೆಲಸ ಮಾಡಿ.

ಆಮೇಲೆ ತುಂಡನ್ನು ಕರಗಿದ ಪ್ಯಾರಾಫಿನ್ ಮೇಣದಲ್ಲಿಡಿ. ಮೇಣ 56-58 ಡಿಗ್ರಿಯಲ್ಲಿ ಕರಗುವಂಥದ್ದು, ಓವನ್ 60 ಡಿಗ್ರಿ. ಬಿಸಿ ಜಾಸ್ತಿಯಾದರೆ ಟಿಶ್ಯೂ ಗಡುಸಾಗುತ್ತದೆ. ಮೇಣವನ್ನೂ ಎರಡು ಮೂರು ಸಲ ಬದಲಿಸಿ, ಕ್ಸೈಲೀನ್ ಉಳಿದರೆ ಬ್ಲಾಕ್ (ತುಂಡು ಕೂತ ಮೇಣದ ಗಟ್ಟಿ) ಮೆತ್ತಗಾಗಿ ಪುಡಿಪುಡಿಯಾಗುತ್ತದೆ.

ಎಂಬೆಡಿಂಗ್, ಅಂದರೆ ತುಂಡನ್ನು ಮೇಣದಲ್ಲಿ ಕೂರಿಸುವ ಕೆಲಸ, ಮಾಡುವಾಗ ಅಚ್ಚಿಗೆ ಸ್ವಲ್ಪ ಮೇಣ ಸುರಿದು, ಬಿಸಿ ಚಿಮಟದಲ್ಲಿ ತುಂಡನ್ನು ಇಟ್ಟು, ಕೋಲ್ಡ್ ಪ್ಲೇಟಿಗೆ ಒಂದು ಕ್ಷಣ ತಾಗಿಸಿ. ತಳಕ್ಕೆ ಕಚ್ಚಿಕೊಂಡ ಮೇಲೆ ತುಂಬಿಸಿ. ನಾವು ಕತ್ತರಿಸುವ ಮುಖ ಕೆಳಗಿರಬೇಕು. ಚರ್ಮವನ್ನು ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ, ಆಗಲೇ ಎಲ್ಲ ಪದರಗಳೂ ಒಂದೇ ಸೆಕ್ಷನ್ನಿನಲ್ಲಿ ಸಿಗುವುದು. ಅಪೆಂಡಿಕ್ಸ್ ತುಂಡು ಉಂಗುರದ ಹಾಗೆ ಕಾಣುವಂತೆ ಇಡಿ.

ಬ್ಲಾಕನ್ನು ಐಸ್ ಮೇಲಿಟ್ಟು ತಣಿಸಿ, 3-5 ಮೈಕ್ರಾನ್‌ಗೆ ಕತ್ತರಿಸಿ. ಸಾಲಾಗಿ ಅಂಟಿಕೊಂಡು ಬರುವ ಸೆಕ್ಷನ್‌ಗಳ ರಿಬ್ಬನ್ನನ್ನು 45 ಡಿಗ್ರಿ ಆಸುಪಾಸಿನ ನೀರಿನಲ್ಲಿ ತೇಲಿಸಿದರೆ ಸುಕ್ಕು ಬಿಡುತ್ತದೆ, ಸ್ಲೈಡಿನಲ್ಲಿ ಎತ್ತಿಕೊಂಡು ಒಣಗಿಸಿ. ಬಣ್ಣ ಹಾಕುವ ಮೊದಲು ಕ್ಸೈಲೀನಿನಲ್ಲಿ ಮೇಣ ತೆಗೆಯಲೇಬೇಕು. ಉಳಿದ ಬ್ಲಾಕನ್ನು ತಂಪಾದ ಜಾಗದಲ್ಲಿ ಎತ್ತಿಡಿ, ವರ್ಷಗಳಾದ ಮೇಲೂ ಅದರಿಂದ ಹೊಸ ಸೆಕ್ಷನ್ ತೆಗೆಯಬಹುದು.